ನೀರಿನ ನುಸಿಗಳನ್ನು ಗುರುತಿಸಲು ಯಾವ ದಾರಿ? ಸ್ಲೈಡ್, ಸ್ಯಾಂಗರ್, ನ್ಯಾನೊಪೋರ್, ಮೆಟಾಬಾರ್‌ಕೋಡಿಂಗ್

ನೀರಿನ ನುಸಿಗಳನ್ನು ಹಿಡಿಯುವುದು ಕಷ್ಟವಲ್ಲ. 250 ಮೈಕ್ರೊಮೀಟರ್ ಕಣ್ಣಿನ ಬಲೆಯನ್ನು ಜಲಸಸ್ಯಗಳ ನಡುವೆ ಆಡಿಸಿ, ಬಂದದ್ದನ್ನು ಬಿಳಿ ತಟ್ಟೆಗೆ ಸುರಿದರೆ ಕೆಂಪು, ಹಸಿರು, ಕಂದು ಚುಕ್ಕೆಗಳು ಎಂಟು ಕಾಲು ಬೀಸುತ್ತಾ ಓಡಾಡುವುದು ಬರಿಗಣ್ಣಿಗೇ ಕಾಣುತ್ತದೆ. ಕಷ್ಟ ಶುರುವಾಗುವುದು ಅವು ಸೀಸೆಗೆ ಸೇರಿದ ಮೇಲೆ. ಸ್ಲೈಡ್ ಮಾಡಿ ಸೂಕ್ಷ್ಮದರ್ಶಕದಲ್ಲಿ ಗುರುತಿಸಬೇಕೇ, ಒಂದೊಂದಕ್ಕೂ ಸ್ಯಾಂಗರ್ ಎಂಬ ಡಿಎನ್‌ಎ ಓದುವ ವಿಧಾನದಿಂದ ಬಾರ್‌ಕೋಡ್ (ಪ್ರಭೇದವನ್ನು ಗುರುತಿಸಿಕೊಡುವ ಡಿಎನ್‌ಎ ತುಣುಕು) ಮಾಡಿಸಬೇಕೇ, ನೂರಾರನ್ನು ಒಟ್ಟಿಗೆ ನ್ಯಾನೊಪೋರ್ ಯಂತ್ರಕ್ಕೆ ಕೊಡಬೇಕೇ, ಅಥವಾ ಇಡೀ ಮಾದರಿಯನ್ನೇ ಅರೆದು ಮೆಟಾಬಾರ್‌ಕೋಡಿಂಗ್ ಮಾಡಬೇಕೇ? ಸಂಶೋಧನೆ ಆರಂಭಿಸುವ ವಿದ್ಯಾರ್ಥಿಗಳೂ ಕೆರೆ, ತೊರೆಗಳ ಸಮೀಕ್ಷೆ ನಡೆಸುವವರೂ ಈ ನಾಲ್ಕರ ನಡುವೆ ತೂಗಾಡುತ್ತಾರೆ. ಹಣವೂ ಸಮಯವೂ ಮಿತವಾಗಿರುವಾಗ ಇಲ್ಲಿ ತಪ್ಪಿದರೆ ಒಂದು ಋತುವಿನ ಸಂಗ್ರಹವೆಲ್ಲ ವ್ಯರ್ಥವಾಗಬಹುದು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಯಂತ್ರ ಯಾವುದು ಎಂಬುದಕ್ಕಿಂತ, ಡಿಎನ್‌ಎ ತೆಗೆದ ಮೇಲೂ ಆ ನುಸಿಯ ದೇಹ ಸಂಖ್ಯೆಯ ಸಮೇತ ಉಳಿಯುತ್ತದೆಯೇ ಎಂಬುದು ಮುಖ್ಯ. ದೇಹವಿಲ್ಲದ ಸೀಕ್ವೆನ್ಸ್, ಅಂದರೆ ಡಿಎನ್‌ಎ ಅಕ್ಷರಗಳ ಸಾಲು, ಇಂದು ನಿಮಗೊಂದು ಹೆಸರು ಕೊಡಬಹುದು. ನಾಳೆ ಆ ಹೆಸರಿನ ಬಗ್ಗೆ ಸಂಶಯ ಎದ್ದರೆ ತೆಗೆದು ನೋಡಲು ಏನೂ ಇರುವುದಿಲ್ಲ. ಈ ಜೀವಿಗಳ ವಿಷಯದಲ್ಲಿ ಸಂಶಯ ಏಳದೆ ಇರುವುದು ಅಪರೂಪ.

ಆರಿಸುವ ಮುನ್ನ

ಜಗತ್ತಿನಲ್ಲಿ ಇದುವರೆಗೆ ವಿವರಿಸಲಾಗಿರುವ ನೀರಿನ ನುಸಿಗಳು, ಅಂದರೆ ಹೈಡ್ರಾಕ್ನಿಡಿಯ ಗುಂಪಿನವು, 6,000 ಪ್ರಭೇದಗಳಿಗೂ ಹೆಚ್ಚು. ಹೆಚ್ಚಿನವು ಅರ್ಧ ಮಿಲಿಮೀಟರಿನಿಂದ ಎರಡು ಮಿಲಿಮೀಟರಿನಷ್ಟು ಉದ್ದ. ಮೊಟ್ಟೆಯಿಂದ ಹೊರಬರುವ ಮರಿಗೆ ಆರೇ ಕಾಲು. ಬಹುಪಾಲು ಪ್ರಭೇದಗಳಲ್ಲಿ ಅದು ಯಾವುದಾದರೂ ಕೀಟದ ಮೈಗಂಟಿ ಪರಾವಲಂಬಿಯಾಗಿ ಬದುಕುತ್ತದೆ. ಆಮೇಲೆ ಅಲುಗಾಡದ ಒಂದು ಹಂತ, ಎಂಟು ಕಾಲಿನ ಬೇಟೆಗಾರ ಡ್ಯೂಟೊನಿಂಫ್, ಮತ್ತೊಂದು ಅಲುಗಾಡದ ಹಂತ, ಕೊನೆಗೆ ಪ್ರೌಢ ನುಸಿ. ಒಂದೇ ಪ್ರಭೇದ ತನ್ನ ಬದುಕಿನಲ್ಲಿ ಹೀಗೆ ಮೂರು ನಾಲ್ಕು ರೂಪ ತಾಳುತ್ತದೆ. ಯಾವ ವಿಧಾನ ಸರಿ ಎಂಬುದು ನಿಮ್ಮ ಸೀಸೆಯಲ್ಲಿ ಇವುಗಳಲ್ಲಿ ಯಾವ ರೂಪವಿದೆ ಎಂಬುದನ್ನು ಬಹಳಷ್ಟು ಅವಲಂಬಿಸಿದೆ.

ಅದರ ಜೊತೆಗೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವು. ನಿಮಗೆ ಬೇಕಿರುವುದು ಕೆಲವು ನುಸಿಗಳ ಖಚಿತ ಹೆಸರೇ, ಒಂದು ಜಲಪ್ರದೇಶದ ಪ್ರಭೇದಪಟ್ಟಿಯೇ, ಅಥವಾ ವರ್ಷ ವರ್ಷವೂ ಹೋಲಿಸಬಹುದಾದ ಸಮೀಕ್ಷೆಯೇ? ಪ್ರತಿ ಪ್ರಭೇದದ ಎಷ್ಟು ನುಸಿಗಳಿದ್ದವು ಎಂಬ ಎಣಿಕೆ ಬೇಕೇ? ನಿಮ್ಮ ಪ್ರದೇಶದ ನುಸಿಗಳ ಬಾರ್‌ಕೋಡ್‌ಗಳು ಈಗಾಗಲೇ ದತ್ತಾಂಶಕೋಶದಲ್ಲಿ ಇವೆಯೇ? ಖರ್ಚನ್ನು ಮೂರು ಭಾಗ ಮಾಡಿ ನೋಡಿ: ಆರಂಭದ ಸಲಕರಣೆಗೆ ಎಷ್ಟು, ಒಂದೊಂದು ಮಾದರಿಗೆ ಎಷ್ಟು, ನಿಮ್ಮ ಶ್ರಮದ ಗಂಟೆಗಳು ಎಷ್ಟು. ಮೊದಲ ಎರಡನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ಮೂರನೆಯದನ್ನು ಮರೆಯುವುದರಿಂದಲೇ ಅಗ್ಗವೆಂದು ಹಿಡಿದ ದಾರಿ ಕಡೆಗೆ ದುಬಾರಿಯಾಗುತ್ತದೆ.

ಮೊದಲ ತೀರ್ಮಾನ ನೀರಿನ ಅಂಚಿನಲ್ಲೇ

ವಿಧಾನದ ಆಯ್ಕೆ ಪ್ರಯೋಗಾಲಯದಲ್ಲಿ ನಡೆಯುತ್ತದೆ ಎಂದು ಹಲವರು ತಿಳಿದಿದ್ದಾರೆ. ನುಸಿಯನ್ನು ಯಾವ ದ್ರವಕ್ಕೆ ಹಾಕುತ್ತೀರಿ ಎಂಬಲ್ಲೇ ಅರ್ಧ ಆಯ್ಕೆ ಮುಗಿದಿರುತ್ತದೆ.

ನುಸಿತಜ್ಞರು ಬಹಳ ಕಾಲದಿಂದ ನೆಚ್ಚಿಕೊಂಡಿರುವುದು ಗ್ಲಿಸರಿನ್, ಅಸಿಟಿಕ್ ಆಮ್ಲ ಮತ್ತು ನೀರು ಬೆರೆಸಿದ ಕೊಯ್ನಿಕೆ ದ್ರಾವಣವನ್ನು. ಅದರಲ್ಲಿ ನುಸಿಯ ಕಾಲುಗಳು, ಬಾಯಿಯ ಪಕ್ಕದ ಪಾಲ್ಪ್‌ಗಳು ಮೆತ್ತಗೆ ಬಾಗುವಂತೆ ಉಳಿಯುತ್ತವೆ. ಬಿಡಿಸಿ ಸ್ಲೈಡ್ ಮಾಡುವವರಿಗೆ ಇದಕ್ಕಿಂತ ಹಿತವಾದದ್ದಿಲ್ಲ. ಆದರೆ ಆಮ್ಲ ಡಿಎನ್‌ಎಯನ್ನು ತುಂಡರಿಸುತ್ತದೆ. ಶೇ 96ರ ಎಥನಾಲ್ ಇದಕ್ಕೆ ತದ್ವಿರುದ್ಧ: ಡಿಎನ್‌ಎ ಚೆನ್ನಾಗಿ ಉಳಿಯುತ್ತದೆ, ಮೈ ಮಾತ್ರ ಬಿರುಸಾಗಿ ಮುಟ್ಟಿದರೆ ಕಾಲು ಕಳಚುತ್ತದೆ. ಶೇ 70ರಿಂದ 80ರ ಎಥನಾಲ್ ನಡುವಿನ ದಾರಿ. ತಂಪಿನಲ್ಲಿಟ್ಟು ಬೇಗ ಕೆಲಸಕ್ಕೆ ತೆಗೆದುಕೊಳ್ಳುವುದಾದರೆ ನಡೆಯುತ್ತದೆ. ಫಾರ್ಮಾಲಿನ್ ಬಾರ್‌ಕೋಡ್ ಕೆಲಸಕ್ಕೆ ಬೇಡವೇ ಬೇಡ. ಬೆರಕೆ ಮಾಡಿದ ಸ್ಪಿರಿಟ್ಟನ್ನೂ ನಾನು ಬಳಸುವುದಿಲ್ಲ. ಅದಕ್ಕೆ ಏನು ಬೆರೆಸಿದ್ದಾರೆಂದು ತಿಳಿಯದೆ, ಡಿಎನ್‌ಎ ತುಣುಕನ್ನು ವರ್ಧಿಸುವ ಪಿಸಿಆರ್ ಕೈಕೊಟ್ಟಾಗ ಕಾರಣ ಹುಡುಕುವುದು ಆಗದ ಮಾತು.

ನುಸಿಗಳು ಹೇರಳವಾಗಿದ್ದರೆ ಎರಡು ಸೀಸೆ ಮಾಡಿ: ಕೆಲವು ಕೊಯ್ನಿಕೆಗೆ, ಕೆಲವು ಎಥನಾಲಿಗೆ. ಒಂದೇ ಒಂದು ಸಿಕ್ಕರೆ ಎಥನಾಲಿಗೇ ಹಾಕಿ. ಇಡೀ ಬಲೆಯ ಮಾಲನ್ನು ಹಾಗೇ ಎಥನಾಲಿಗೆ ಸುರಿದರೆ ಸಸ್ಯಗಳಲ್ಲಿನ ನೀರು ಅದನ್ನು ತೆಳುವಾಗಿಸುತ್ತದೆ. ಒಂದು ದಿನದೊಳಗೆ ದ್ರವ ಬದಲಿಸಬೇಕು. ಸಾಧ್ಯವಾದರೆ ತಟ್ಟೆಯಲ್ಲಿ ಜೀವಂತವಾಗಿಯೇ ಆರಿಸುವುದು ಎಲ್ಲಕ್ಕಿಂತ ಒಳ್ಳೆಯದು, ಏಕೆಂದರೆ ಚಲಿಸುವ ನುಸಿ ಕಣ್ಣಿಗೆ ಬೀಳುತ್ತದೆ, ಸತ್ತದ್ದು ಕೆಸರಿನ ಕಣಗಳಲ್ಲಿ ಕಳೆದುಹೋಗುತ್ತದೆ. ಆಗಲೇ ಒಂದು ಚಿತ್ರವನ್ನೂ ತೆಗೆದುಕೊಳ್ಳಿ. ಆಲ್ಕೋಹಾಲಿಗೆ ಬಿದ್ದ ನುಸಿಯ ಬಣ್ಣ ಮರಳಿ ಬರುವುದಿಲ್ಲ.

ಸ್ಲೈಡ್ ಮತ್ತು ಸೂಕ್ಷ್ಮದರ್ಶಕ

ಇದನ್ನು ಹಳೆಯ ವಿಧಾನವೆಂದು ಬದಿಗೆ ಸರಿಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ವಿವರಿಸಲಾದ ಪ್ರಭೇದಗಳ ಹೆಸರುಗಳು ಅಂಟಿಕೊಂಡಿರುವುದು ದೇಹರಚನೆಗೆ. ವಸ್ತುಸಂಗ್ರಹಾಲಯಗಳಲ್ಲಿರುವ ಮೂಲ ಮಾದರಿಗಳಲ್ಲಿ ಬಹುಪಾಲು ಸ್ಲೈಡ್‌ಗಳೇ. ಯಾವುದೇ ಬಾರ್‌ಕೋಡಿಗೆ ಹೆಸರು ಸಿಗಬೇಕಾದರೂ ಎಲ್ಲೋ ಒಂದು ಕಡೆ ಒಬ್ಬರು ಸೂಕ್ಷ್ಮದರ್ಶಕದ ಮುಂದೆ ಕುಳಿತು ಪಾಲ್ಪ್‌ನ ರೋಮಗಳನ್ನೂ ಜನನಾಂಗ ಫಲಕಗಳನ್ನೂ ಕಾಲುಬುಡದ ಫಲಕಗಳನ್ನೂ ನೋಡಿರಲೇಬೇಕು.

ಮಾದರಿಯೊಂದರ ಖರ್ಚು ಇಲ್ಲಿ ಅತಿ ಕಡಿಮೆ. ಎಣಿಕೆ ತಾನಾಗಿಯೇ ಸಿಗುತ್ತದೆ. ಹಿಂದೆ ಎಂದೋ ಸಂಗ್ರಹಿಸಿದ ಮಾದರಿಗೂ ಇದು ಒದಗುತ್ತದೆ. ಬೆಲೆ ತೆರುವುದು ಕಲಿಕೆಯಲ್ಲಿ: ಕುಟುಂಬದ ಮಟ್ಟಕ್ಕೆ ಗುರುತಿಸಲು ಕೆಲವು ವಾರಗಳು ಸಾಕಾಗಬಹುದು, ಕುಲದ ಮಟ್ಟಕ್ಕೆ ಇನ್ನಷ್ಟು, ಪ್ರಭೇದದ ಮಟ್ಟಕ್ಕೆ ಕೈ ಪಳಗಲು ವರ್ಷಗಳು ಹಿಡಿಯುತ್ತವೆ.

ಎಷ್ಟೇ ಪಳಗಿದರೂ ಇದಕ್ಕೆ ಮಿತಿಗಳಿವೆ. ಅರೆನ್ಯೂರಸ್ ಕುಲವನ್ನು ತೆಗೆದುಕೊಳ್ಳಿ. ಅದರ ಗಂಡಿನ ಹಿಂಬದಿ ಬಾಲದಂತೆ ಚಾಚಿಕೊಂಡಿದ್ದು, ಅದರ ಆಕಾರವೇ ಪ್ರಭೇದವನ್ನು ಹೇಳಿಬಿಡುತ್ತದೆ. ಹೆಣ್ಣುಗಳು ಒಂದನ್ನೊಂದು ಹೋಲುವ ಗುಂಡನೆಯ ಕವಚಗಳು. ಜೊತೆಯಲ್ಲಿ ಗಂಡು ಸಿಗದಿದ್ದರೆ ಹೆಸರು ಹೇಳುವುದು ಬಲು ಕಷ್ಟ. ಡ್ಯೂಟೊನಿಂಫ್‌ಗಳನ್ನು ಪ್ರಭೇದದ ಮಟ್ಟಕ್ಕೆ ತಲುಪಿಸುವ ಗುರುತುಕೀಲಿಗಳು ವಿರಳ. ಲೆಬರ್ಷಿಯ, ಅಟ್ರಾಕ್ಟಿಡಿಸ್‌ನಂಥ ಕುಲಗಳಲ್ಲಿ ತಜ್ಞರಲ್ಲೇ ಒಮ್ಮತ ಮೂಡುವುದಿಲ್ಲ. ಇನ್ನು ನೋಟಕ್ಕೆ ಒಂದೇ ಆಗಿ ಒಳಗೆ ಬೇರೆಯಾಗಿರುವ ಪ್ರಭೇದಗಳಿವೆ. ಹೈಗ್ರೊಬೇಟಿಸ್ ನೈಗ್ರೊಮ್ಯಾಕ್ಯುಲೇಟಸ್ ಎಂಬುದು ಸರೋವರದಲ್ಲೂ ತೊರೆಯಲ್ಲೂ ಬದುಕುವ ಒಂದೇ ಪ್ರಭೇದವೆಂದು ಬಗೆಯಲಾಗಿತ್ತು. 2010ರಲ್ಲಿ ಡಿಎನ್‌ಎ ಮತ್ತು ದೇಹರಚನೆ ಎರಡನ್ನೂ ಜೋಡಿಸಿ ನೋಡಿದಾಗ ಅವು ಎರಡು ಪ್ರಭೇದಗಳೆಂದು ತಿಳಿದು, ಬಳಕೆ ತಪ್ಪಿದ್ದ ಹೈಗ್ರೊಬೇಟಿಸ್ ಸೆಟೋಸಸ್ ಎಂಬ ಹೆಸರಿಗೆ ಮರುಜೀವ ಬಂತು.

ಹೀಗಾಗಿ ಪ್ರೌಢ ನುಸಿಗಳೇ ಹೆಚ್ಚಿದ್ದು, ನಿಮ್ಮ ಪ್ರದೇಶಕ್ಕೆ ಒಳ್ಳೆಯ ಗುರುತುಕೀಲಿ ಇದ್ದು, ಸಹಾಯಕ್ಕೆ ಒಬ್ಬ ತಜ್ಞರು ಸಿಗುವುದಾದರೆ ಸ್ಲೈಡ್ ಮಾತ್ರವೇ ಸಾಕು. ಈ ಮೂರರಲ್ಲಿ ಎರಡು ಇಲ್ಲದಿದ್ದರೆ ಡಿಎನ್‌ಎ ಕಡೆ ನೋಡಿ.

ಒಂದೊಂದು ನುಸಿಗೂ ಸ್ಯಾಂಗರ್ ಬಾರ್‌ಕೋಡ್

ಪ್ರಾಣಿಗಳಿಗೆ ಬಾರ್‌ಕೋಡ್ ಎನ್ನುವುದು ಮೈಟೊಕಾಂಡ್ರಿಯದ ಸಿಒಐ ವಂಶವಾಹಿಯ 658 ಬೇಸ್‌ಗಳ, ಅಂದರೆ ಡಿಎನ್‌ಎ ಅಕ್ಷರಗಳ, ಒಂದು ತುಣುಕು. ಅದನ್ನು ವರ್ಧಿಸಲು ಇಂದಿಗೂ ಹೆಚ್ಚಾಗಿ ಬಳಸುವ ಎಲ್‌ಸಿಒ1490 ಮತ್ತು ಎಚ್‌ಸಿಒ2198 ಪ್ರೈಮರ್‌ಗಳು (ವರ್ಧನೆ ಎಲ್ಲಿಂದ ಶುರುವಾಗಬೇಕೆಂದು ತೋರಿಸುವ ಡಿಎನ್‌ಎ ಚೂರುಗಳು) 1994ರವು. ಆ ತುಣುಕನ್ನೇ ಎಲ್ಲ ಪ್ರಾಣಿಗಳ ಗುರುತಾಗಿ ಬಳಸಬಹುದೆಂದು ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೀಬರ್ಟ್ ಮತ್ತು ಸಂಗಡಿಗರು ಪ್ರತಿಪಾದಿಸಿದ್ದು 2003ರಲ್ಲಿ.

ನುಸಿಗಳಿಗೆ ಈ ದಾರಿ ಹೇಳಿ ಮಾಡಿಸಿದ್ದು ಎನ್ನಲು ಒಂದು ಕಾರಣವಿದೆ. ಡಿಎನ್‌ಎ ಬಿಡಿಸಲು ನುಸಿಯನ್ನು ಅರೆಯಬೇಕಾಗಿಲ್ಲ. ಪ್ರೋಟಿನೇಸ್ ಕೆ ಕಿಣ್ವವಿರುವ ದ್ರಾವಣದಲ್ಲಿ ಇಡೀ ನುಸಿಯನ್ನು ಬೆಚ್ಚಗೆ ನೆನೆಯಿಟ್ಟರೆ ಒಳಗಿನ ಮೃದು ಭಾಗಗಳು ಕರಗಿ ದ್ರಾವಣಕ್ಕೆ ಇಳಿಯುತ್ತವೆ. ಹೊರಗವಚ ಖಾಲಿಯಾಗಿ, ಪಾರದರ್ಶಕವಾಗಿ ಉಳಿಯುತ್ತದೆ. ಸ್ಲೈಡ್ ಮಾಡುವವರು ಕ್ಷಾರದಲ್ಲೋ ಲ್ಯಾಕ್ಟಿಕ್ ಆಮ್ಲದಲ್ಲೋ ನುಸಿಯನ್ನು ತಿಳಿಗೊಳಿಸುವುದು ಇದೇ ಸ್ಥಿತಿಗೆ ತರಲು. ಅಂದರೆ ಡಿಎನ್‌ಎ ತೆಗೆಯುವ ಕೆಲಸವೇ ಸ್ಲೈಡಿನ ಅರ್ಧ ತಯಾರಿಯನ್ನೂ ಮಾಡಿಕೊಡುತ್ತದೆ. ಅರೆನ್ಯೂರಸ್, ಟೊರೆಂಟಿಕೋಲದಂಥ ಗಟ್ಟಿ ಕವಚದವಕ್ಕೆ ಕಿಣ್ವ ಒಳಹೋಗಲು ಸೂಕ್ಷ್ಮ ಸೂಜಿಯಿಂದ ಬದಿಯಲ್ಲಿ ಒಂದು ತೂತು ಮಾಡಬೇಕಾಗುತ್ತದೆ. ಗುರುತಿಗೆ ಬೇಕಾದ ಫಲಕಗಳ ಮೇಲೆ ಚುಚ್ಚಬಾರದು, ಅಷ್ಟೇ. ದೊಡ್ಡ ನುಸಿಗಳಿಗೆ ಒಂದು ಕಾಲು ಮಾತ್ರ ತೆಗೆದುಕೊಳ್ಳುವವರಿದ್ದಾರೆ. ಒಂದು ಮಿಲಿಮೀಟರಿನ ನುಸಿಯ ಕಾಲಿನಲ್ಲಿ ಸಿಗುವ ಡಿಎನ್‌ಎ ತೀರಾ ಕಡಿಮೆಯಾದ್ದರಿಂದ ಇಡೀ ದೇಹವನ್ನು ನೆನೆಸುವುದೇ ಮೇಲೆಂಬುದು ನನ್ನ ಅಭಿಪ್ರಾಯ.

ತೊಡಕುಗಳೂ ಇವೆ. ಮೊದಲನೆಯದು ನುಸಿಯ ಹೊಟ್ಟೆ. ಇವು ಬೇಟೆಯ ರಸ ಹೀರುವ ಜೀವಿಗಳು. ಕೈರೊನೊಮಿಡ್ ಎಂಬ ಸೊಳ್ಳೆಯಂಥ ಕೀಟಗಳ ಮರಿಗಳನ್ನು, ಸಣ್ಣ ಕಠಿಣಚರ್ಮಿಗಳನ್ನು ತಿಂದ ನುಸಿಯ ಸೀಕ್ವೆನ್ಸ್ ಕೇಳಿದರೆ ಕೆಲವೊಮ್ಮೆ ಬೇಟೆಯ ಸೀಕ್ವೆನ್ಸ್ ಬರುತ್ತದೆ, ಅಥವಾ ಎರಡೂ ಬೆರೆತು ಅಲೆಗಳ ಮೇಲೆ ಅಲೆ ಬಿದ್ದ ಚಿತ್ರ ಬರುತ್ತದೆ. ಎರಡನೆಯದು ಮೈಟೊಕಾಂಡ್ರಿಯದ ತುಣುಕುಗಳು ನ್ಯೂಕ್ಲಿಯಸ್ಸಿನ ಡಿಎನ್‌ಎಗೆ ನುಸುಳಿ ಕೆಲಸವಿಲ್ಲದ ನಕಲುಗಳಾಗಿ ಉಳಿದಿರುವುದು. ಇವನ್ನು ಪತ್ತೆ ಹಚ್ಚಲು ಸೀಕ್ವೆನ್ಸನ್ನು ಅಮಿನೊ ಆಮ್ಲಗಳಿಗೆ ಅನುವಾದಿಸಿ ನೋಡಬೇಕು. ನಡುವೆ ನಿಲುಗಡೆ ಸಂಕೇತ ಬಂದರೆ ಏನೋ ತಪ್ಪಿದೆ ಎಂದರ್ಥ. ಈ ಅನುವಾದಕ್ಕೆ ಅಕಶೇರುಕಗಳ ಮೈಟೊಕಾಂಡ್ರಿಯ ಸಂಕೇತಪಟ್ಟಿಯನ್ನೇ, ಅಂದರೆ ತಂತ್ರಾಂಶಗಳಲ್ಲಿ 5ನೆಯ ಸಂಖ್ಯೆಯದನ್ನೇ ಆರಿಸಬೇಕು. ಸಾಮಾನ್ಯ ಪಟ್ಟಿಯಲ್ಲಿ ಟಿಜಿಎ ಎಂಬುದು ನಿಲುಗಡೆ. ಇಲ್ಲಿ ಅದು ಟ್ರಿಪ್ಟೊಫ್ಯಾನ್. ಪಟ್ಟಿ ತಪ್ಪಿದರೆ ಒಳ್ಳೆಯ ಸೀಕ್ವೆನ್ಸನ್ನೂ ಕೆಟ್ಟದ್ದೆಂದು ಎಸೆದುಬಿಡುತ್ತೀರಿ.

ಸ್ಯಾಂಗರ್ ವಿಧಾನದ ಖರ್ಚು ಮಾದರಿಗಳ ಸಂಖ್ಯೆಯೊಂದಿಗೆ ನೇರವಾಗಿ ಏರುತ್ತದೆ: ಹತ್ತಕ್ಕೆ ಎಷ್ಟೋ ನೂರಕ್ಕೆ ಹೆಚ್ಚುಕಡಿಮೆ ಅದರ ಹತ್ತರಷ್ಟು. ಆದರೆ ಆರಂಭದ ಹೂಡಿಕೆ ಕಡಿಮೆ. ಪಿಸಿಆರ್ ಯಂತ್ರ, ಜೆಲ್ ಪೆಟ್ಟಿಗೆ, ಮೈಕ್ರೊಪಿಪೆಟ್ ಇದ್ದರೆ ಸಾಕು, ಸೀಕ್ವೆನ್ಸಿಂಗನ್ನು ಹೊರಗೆ ಮಾಡಿಸಬಹುದು. ನೂರರ ಒಳಗಿನ ನುಸಿಗಳಿಗೆ, ಮೊದಲ ಸಲ ಬಾರ್‌ಕೋಡ್ ಮಾಡುವವರಿಗೆ ನಾನು ಸೂಚಿಸುವುದು ಇದನ್ನೇ. ಎರಡೂ ದಿಕ್ಕಿನಿಂದ ಓದಿಸಿ. ಒಂದೇ ದಿಕ್ಕಿನದಕ್ಕೆ ತೃಪ್ತಿಪಟ್ಟು ಉಳಿಸುವ ಹಣ ಆಮೇಲಿನ ಅನುಮಾನಗಳಿಗೆ ಹೋಗುತ್ತದೆ.

ಪ್ರಯೋಗಾಲಯವೇ ಇಲ್ಲದಿದ್ದರೆ

ಡಿಎನ್‌ಎ ತೆಗೆಯುವುದರಿಂದ ಹಿಡಿದು ಎಲ್ಲವನ್ನೂ ಮಾಡಿಕೊಡುವ ಬಾರ್‌ಕೋಡ್ ಕೇಂದ್ರಗಳಿವೆ. ಗ್ವೆಲ್ಫ್‌ನ ಕೆನಡಿಯನ್ ಸೆಂಟರ್ ಫಾರ್ ಡಿಎನ್‌ಎ ಬಾರ್‌ಕೋಡಿಂಗ್ ಅವುಗಳಲ್ಲಿ ಹೆಸರಾದದ್ದು. 96 ಕುಳಿಗಳ ತಟ್ಟೆಯಲ್ಲಿ 95 ನುಸಿಗಳನ್ನಿಟ್ಟು ಒಂದನ್ನು ತಪಾಸಣೆಗೆಂದು ಖಾಲಿ ಬಿಟ್ಟು ಕಳುಹಿಸುವುದು ವಾಡಿಕೆ. ಅಚ್ಚುಕಟ್ಟಾದ ಫಲಿತಾಂಶ ಸಿಗುತ್ತದೆ, ನಿಮ್ಮ ಶ್ರಮ ಉಳಿಯುತ್ತದೆ. ಬದಲಿಗೆ ಕಾಯಬೇಕು, ಮತ್ತು ತಟ್ಟೆ ತುಂಬುವಷ್ಟು ಮಾದರಿಗಳಿರಬೇಕು. ಗಡಿ ದಾಟಿಸುವುದಾದರೆ ಅನುಮತಿಗಳು ಬೇಕಾಗಬಹುದು. ಜೈವಿಕ ಸಂಪನ್ಮೂಲಗಳ ಬಳಕೆ ಮತ್ತು ಲಾಭ ಹಂಚಿಕೆ ಕುರಿತು 2014ರಲ್ಲಿ ಜಾರಿಗೆ ಬಂದ ನಗೋಯಾ ಒಪ್ಪಂದದ ನಂತರ ಜೈವಿಕ ಮಾದರಿಗಳನ್ನು ಅಂಚೆಗೆ ಹಾಕಿ ಮರೆಯುವ ಕಾಲ ಮುಗಿದಿದೆ.

ಕಳುಹಿಸುವ ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಬೇಕಾದದ್ದು ಒಂದಿದೆ: ಖಾಲಿ ಕವಚಗಳನ್ನು ಕುಳಿಯ ಸಂಖ್ಯೆಯೊಂದಿಗೆ ಹಿಂದಿರುಗಿಸುತ್ತೀರಾ? ಇಲ್ಲ ಎಂದರೆ, ಅಥವಾ ಉತ್ತರ ಅಸ್ಪಷ್ಟವಾಗಿದ್ದರೆ, ಬೇರೆ ಕೇಂದ್ರ ಹುಡುಕಿ.

ನ್ಯಾನೊಪೋರ್: ಸಂಖ್ಯೆ ದೊಡ್ಡದಾದಾಗ

ನ್ಯಾನೊಪೋರ್ ಎಂದರೆ ಡಿಎನ್‌ಎಯನ್ನು ಅತಿ ಸಣ್ಣ ರಂಧ್ರದ ಮೂಲಕ ಹಾಯಿಸಿ ಓದುವ ವಿಧಾನ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಮಿನ್‌ಅಯಾನ್ ಯಂತ್ರ ಸಣ್ಣ ಪ್ರಯೋಗಾಲಯಗಳ ಲೆಕ್ಕಾಚಾರವನ್ನೇ ಬದಲಿಸಿದೆ. ಪ್ರತಿ ನುಸಿಯ ಪ್ರೈಮರಿಗೆ ಬೇರೆ ಬೇರೆ ಗುರುತುಬಾಲವನ್ನು ಸೇರಿಸಿ ಪಿಸಿಆರ್ ಮಾಡಿ, ನೂರಾರು ನುಸಿಗಳ ಫಲವನ್ನು ಒಂದೇ ನಳಿಕೆಗೆ ಬೆರೆಸಿ ಓದಿಸುತ್ತಾರೆ. ಆಮೇಲೆ ತಂತ್ರಾಂಶ ಆ ಬಾಲಗಳನ್ನು ನೋಡಿ ಯಾವ ಓದು ಯಾವ ನುಸಿಯದೆಂದು ವಿಂಗಡಿಸಿ, ಪ್ರತಿಯೊಂದಕ್ಕೂ ಒಂದು ಸರ್ವಸಮ್ಮತ ಸೀಕ್ವೆನ್ಸ್ ಕಟ್ಟುತ್ತದೆ. ಇದಕ್ಕೆಂದೇ ಬರೆದ ಒಎನ್‌ಟಿಬಾರ್‌ಕೋಡರ್ ಎಂಬ ಉಚಿತ ತಂತ್ರಾಂಶವಿದೆ.

ಇಲ್ಲಿ ಹಣದ ಲೆಕ್ಕ ಸ್ಯಾಂಗರ್‌ಗೆ ವಿರುದ್ಧ. ಯಂತ್ರ, ಗುರುತುಬಾಲದ ಪ್ರೈಮರ್‌ಗಳ ಗುಚ್ಛ, ಓದುವ ರಂಧ್ರಗಳಿರುವ ಫ್ಲೋ ಸೆಲ್ ಎಲ್ಲಕ್ಕೂ ಮೊದಲೇ ಹಣ ಹಾಕಬೇಕು. ನುಸಿಗಳು ಹೆಚ್ಚಿದಷ್ಟೂ ತಲಾ ಖರ್ಚು ಇಳಿಯುತ್ತದೆ. ಮೂವತ್ತು ನುಸಿಗಳಿಗಾಗಿ ಇದನ್ನು ಕೊಳ್ಳುವುದು ಅರ್ಥಹೀನ. ಮುನ್ನೂರಕ್ಕೆ ಯೋಚಿಸಬಹುದು, ಮೂರು ಸಾವಿರಕ್ಕಾದರೆ ಯೋಚಿಸದೆಯೇ ಕೊಳ್ಳಬಹುದು. ಅದೂ ಅಲ್ಲದೆ ದೇಹ ಇಲ್ಲಿಯೂ ಉಳಿಯುತ್ತದೆ, ಪೂರ್ಣ 658 ಬೇಸ್‌ಗಳೂ ಸಿಗುತ್ತವೆ.

ಹೊಟ್ಟೆಯ ಸಮಸ್ಯೆಗೂ ಇಲ್ಲಿ ಒಳ್ಳೆಯ ಉತ್ತರವಿದೆ. ಸ್ಯಾಂಗರ್ ಕೊಡುವುದು ಎಲ್ಲ ಅಣುಗಳ ಒಟ್ಟು ಸದ್ದನ್ನು. ನ್ಯಾನೊಪೋರ್ ಒಂದೊಂದು ಅಣುವನ್ನೂ ಬೇರೆಯಾಗಿ ಓದುತ್ತದೆ. ಬೇಟೆಯ ಓದುಗಳನ್ನು ಒಂದೆಡೆ, ನುಸಿಯ ಓದುಗಳನ್ನು ಒಂದೆಡೆ ಮಾಡಿದರೆ ನುಸಿಯ ಹೆಸರಿನೊಂದಿಗೆ ಅದು ಏನು ತಿಂದಿತ್ತು ಎಂಬ ಸುಳಿವೂ ಸಿಗಬಹುದು. ಒಂದೇ ಅಕ್ಷರ ಸಾಲಾಗಿ ಬರುವ ಜಾಗಗಳಲ್ಲಿ ಈ ಯಂತ್ರ ಎಡವುವುದುಂಟು. ಸಿಒಐ ಪ್ರೋಟೀನು ಕಟ್ಟುವ ವಂಶವಾಹಿಯಾದ್ದರಿಂದ ಅಕ್ಷರವೊಂದು ಬಿಟ್ಟುಹೋದರೆ ಅಮಿನೊ ಆಮ್ಲಗಳ ಸಾಲು ತಪ್ಪಿ, ದೋಷ ಬೇಗ ಬಯಲಾಗುತ್ತದೆ. ಒಬ್ಬರಾದರೂ ಕಂಪ್ಯೂಟರಿನ ಕೆಲಸ ಬಲ್ಲವರು ತಂಡದಲ್ಲಿರಬೇಕು, ಖಾಲಿ ನಿಯಂತ್ರಣ ಮಾದರಿಗಳನ್ನು ಪ್ರತಿ ತಟ್ಟೆಯಲ್ಲೂ ಇಡಬೇಕು. ಇವೆರಡಕ್ಕೆ ಸಿದ್ಧರಿಲ್ಲದವರು ಸ್ಯಾಂಗರ್‌ನಲ್ಲೇ ಉಳಿಯಲಿ.

ಮೆಟಾಬಾರ್‌ಕೋಡಿಂಗ್, ಪರಿಸರ ಡಿಎನ್‌ಎ

ಇಡೀ ಬಲೆಯ ಜೀವಿಗಳನ್ನು ಒಟ್ಟಿಗೆ ಅರೆದು, ಬಂದ ಡಿಎನ್‌ಎಯಿಂದ ಪ್ರಭೇದಪಟ್ಟಿ ತೆಗೆಯುವುದು ಮೆಟಾಬಾರ್‌ಕೋಡಿಂಗ್. ಹತ್ತಾರು ಜಾಗಗಳನ್ನು ಒಂದೇ ಕ್ರಮದಲ್ಲಿ ಹೋಲಿಸಬೇಕಾದ ಸಮೀಕ್ಷೆಗಳಿಗೆ ಇದರಷ್ಟು ವೇಗದ್ದು ಇನ್ನೊಂದಿಲ್ಲ. ಆದರೆ ನುಸಿಗಳಿಗೆ ಇದು ಅನ್ಯಾಯ ಮಾಡುತ್ತದೆ. ಒಂದು ಏರೋಪ್ಲೇನ್ ಚಿಟ್ಟೆಯ ಮರಿಯ ತೂಕದ ಮುಂದೆ ನೂರು ನುಸಿಗಳ ತೂಕ ಏನೂ ಅಲ್ಲ. ಓದುಗಳ ಬಹುಪಾಲು ದೊಡ್ಡ ಜೀವಿಗಳಿಗೆ ಹೋಗಿ ನುಸಿಗಳು ಕಾಣೆಯಾಗುತ್ತವೆ. ನುಸಿಗಳನ್ನು ಮೊದಲೇ ಬೇರೆ ಆರಿಸಿ ಅವನ್ನಷ್ಟೇ ಒಟ್ಟಿಗೆ ಓದಿಸಿದರೆ ಈ ದೋಷ ಬಹಳ ತಗ್ಗುತ್ತದೆ. ಆದರೆ ಆರಿಸುವ ಶ್ರಮ ಹೇಗೂ ಮಾಡಿದ ಮೇಲೆ ಒಂದೊಂದಕ್ಕೂ ಬಾರ್‌ಕೋಡ್ ಮಾಡಬಾರದೇಕೆ ಎಂಬ ಪ್ರಶ್ನೆ ಏಳುತ್ತದೆ.

ಎಣಿಕೆ ಇಲ್ಲಿ ಸಿಗುವುದಿಲ್ಲ. ಓದುಗಳ ಸಂಖ್ಯೆಯನ್ನು ನುಸಿಗಳ ಸಂಖ್ಯೆಯೆಂದು ಓದುವುದು ತಪ್ಪು, ಏಕೆಂದರೆ ಪ್ರೈಮರ್‌ಗಳು ಎಲ್ಲ ಪ್ರಭೇದಗಳಿಗೂ ಒಂದೇ ಸಮನೆ ಅಂಟಿಕೊಳ್ಳುವುದಿಲ್ಲ. ಬಳಸುವ ತುಣುಕೂ ಚಿಕ್ಕದು. ಅತಿ ಹೆಚ್ಚು ಬಳಕೆಯಲ್ಲಿರುವವುಗಳಲ್ಲಿ ಒಂದು 313 ಬೇಸ್‌ಗಳದ್ದು. ಬೋಲ್ಡ್ ಎಂಬ ಬಾರ್‌ಕೋಡ್ ದತ್ತಾಂಶಕೋಶದಲ್ಲಿ ಸೀಕ್ವೆನ್ಸ್‌ಗಳ ಹೊಸ ಗುಂಪೊಂದು ಹುಟ್ಟಬೇಕಾದರೆ ಕನಿಷ್ಠ 500 ಬೇಸ್‌ಗಳ ಒಳ್ಳೆಯ ಸೀಕ್ವೆನ್ಸ್ ಬೇಕು. ಅಂದರೆ ಮೆಟಾಬಾರ್‌ಕೋಡಿಂಗ್ ಈಗಾಗಲೇ ತಿಳಿದಿರುವುದನ್ನು ಪತ್ತೆ ಮಾಡಬಲ್ಲದು. ತಿಳಿಯದ್ದನ್ನು ಕಂಡಾಗ ಅದಕ್ಕೆ ನೆಲೆ ಕೊಡಲಾರದು. ಅರೆದ ಮೇಲೆ ದೇಹವಂತೂ ಇಲ್ಲ.

ನೀರನ್ನಷ್ಟೇ ಸೋಸಿ ಪರಿಸರ ಡಿಎನ್‌ಎ ಹುಡುಕುವುದನ್ನು ನುಸಿಗಳ ಪಟ್ಟಿಗಾಗಿ ನಾನು ಯಾರಿಗೂ ಮೊದಲ ಆಯ್ಕೆಯಾಗಿ ಸೂಚಿಸುವುದಿಲ್ಲ. ಇಷ್ಟು ಸಣ್ಣ, ಗಟ್ಟಿ ಕವಚದ ಜೀವಿ ನೀರಿಗೆ ಬಿಡುವ ಡಿಎನ್‌ಎ ಅತ್ಯಲ್ಪ. ಕಾಣಲಿಲ್ಲ ಎಂಬುದನ್ನು ಇರಲಿಲ್ಲ ಎಂದು ಓದಿಕೊಳ್ಳುವ ಅಪಾಯ ದೊಡ್ಡದು.

ಸೀಕ್ವೆನ್ಸ್ ಬಂತು, ಹೆಸರು?

ದತ್ತಾಂಶಕೋಶದಲ್ಲಿ ಹುಡುಕಿದಾಗ ಮೇಲೆ ಬರುವ ಹೆಸರನ್ನು ಹಾಗೇ ಬರೆದುಕೊಳ್ಳುವುದು ಈ ಕ್ಷೇತ್ರದ ಅತಿ ಸಾಮಾನ್ಯ ತಪ್ಪು. ಒಂದೇ ಪ್ರಭೇದದೊಳಗಿನ ವ್ಯತ್ಯಾಸ ಸಾಮಾನ್ಯವಾಗಿ ಶೇ 2–3ರ ಒಳಗಿರುತ್ತದೆ. ಹತ್ತಿರದ ಪ್ರಭೇದಗಳ ನಡುವಿನ ಅಂತರ ನುಸಿಗಳಲ್ಲಿ ಎಷ್ಟೋ ಸಲ ಶೇ 10ನ್ನೂ ದಾಟುತ್ತದೆ. ಹೋಲಿಕೆ ಶೇ 99 ಇದ್ದು, ಆ ದಾಖಲೆಗೆ ಚಿತ್ರವೂ ಗುರುತಿಸಿದ ತಜ್ಞರ ಹೆಸರೂ ಇದ್ದರೆ ಹೆಸರನ್ನು ನಂಬಬಹುದು. ಶೇ 88 ಎಂದರೆ ನಿಮ್ಮ ನುಸಿ ಅಲ್ಲಿ ಇಲ್ಲ ಎಂದಷ್ಟೇ ಅರ್ಥ. ಆಗ ಕುಲದ ಹೆಸರಿನ ಮುಂದೆ ನಿಮ್ಮದೇ ಸಂಕೇತ ಹಾಕಿ, ‘ಲೆಬರ್ಷಿಯ ಪ್ರಭೇದ, ಸಂಕೇತ 07’ ಎಂಬಂತೆ ತಾತ್ಕಾಲಿಕ ಹೆಸರಿಡಿ. ಅದರಲ್ಲಿ ಅವಮಾನವೇನಿಲ್ಲ; ತಪ್ಪು ಹೆಸರಿಗಿಂತ ಪ್ರಾಮಾಣಿಕ ಸಂಕೇತ ಮುಂದಿನವರಿಗೆ ಎಷ್ಟೋ ಪಾಲು ಉಪಕಾರಿ.

ಸಂಖ್ಯೆಗಳು ಬೇರೆ ಎಂದ ಮಾತ್ರಕ್ಕೆ ಹೊಸ ಪ್ರಭೇದ ಎನ್ನಲೂ ಬಾರದು. ಸಿಒಐ ತಾಯಿಯಿಂದ ಮಾತ್ರ ಬರುವ ಒಂದೇ ವಂಶವಾಹಿ. ಅನುಮಾನವಿರುವ ಗುಂಪುಗಳಿಗೆ ನ್ಯೂಕ್ಲಿಯಸ್ಸಿನ 28ಎಸ್ ತುಣುಕನ್ನೂ ಓದಿಸಿ, ಎರಡೂ ಒಂದೇ ಗೆರೆಯಲ್ಲಿ ಬೇರ್ಪಡುತ್ತವೆಯೇ ನೋಡಿ, ಮತ್ತೆ ಸ್ಲೈಡಿಗೆ ಮರಳಿ ದೇಹದಲ್ಲಿ ವ್ಯತ್ಯಾಸ ಹುಡುಕಬೇಕು. ದೇಹ ಉಳಿಸಿಕೊಳ್ಳಿ ಎಂದು ಇಷ್ಟು ಒತ್ತಿ ಹೇಳುವುದು ಈ ಮರಳುವ ದಾರಿಗಾಗಿ.

ಬಾರ್‌ಕೋಡಿನ ನಿಜವಾದ ಸೊಬಗು ನನಗೆ ಕಾಣುವುದು ಮರಿಗಳ ವಿಷಯದಲ್ಲಿ. ಸೊಳ್ಳೆಯ ಹೊಟ್ಟೆಗೋ ಏರೋಪ್ಲೇನ್ ಚಿಟ್ಟೆಯ ಎದೆಗೋ ಅಂಟಿದ ಕೆಂಪು ಮಣಿಯಂಥ ಮರಿ ಯಾವ ಪ್ರಭೇದದ್ದೆಂದು ತಿಳಿಯಲು ಹಿಂದೆ ಹೆಣ್ಣು ನುಸಿಯನ್ನು ಸಾಕಿ, ಮೊಟ್ಟೆ ಇಡಿಸಿ, ಹೊರಬಂದ ಮರಿಗಳೊಂದಿಗೆ ಹೋಲಿಸಬೇಕಿತ್ತು. ಈಗ ಮರಿಯ ಸೀಕ್ವೆನ್ಸ್ ಪ್ರೌಢ ನುಸಿಯದರ ಜೊತೆ ತಾಳೆಯಾದರೆ ಸಾಕು: ಯಾವ ನುಸಿ ಯಾವ ಕೀಟದ ಮೇಲೆ ಬದುಕುತ್ತದೆ, ಎಲ್ಲಿಂದ ಎಲ್ಲಿಗೆ ಹಾರಿ ಹೋಗುತ್ತದೆ ಎಂಬುದು ತೆರೆದುಕೊಳ್ಳುತ್ತದೆ. ಹಾಗಾಗಿ ಮರಿಗಳನ್ನು ಸಂಗ್ರಹಿಸುವವರು ಆತಿಥೇಯ ಕೀಟವನ್ನೂ ಅದೇ ಸಂಖ್ಯೆಯಡಿ ಎಥನಾಲಿನಲ್ಲಿ ಇಡಲೇಬೇಕು.

ದಾಖಲೆ ಎಲ್ಲಿ?

ಬೋಲ್ಡ್, ಜೆನ್‌ಬ್ಯಾಂಕ್, ಜಿಬಿಐಎಫ್ ಮೂರನ್ನೂ ಒಂದಕ್ಕೊಂದು ಬದಲಿ ಎಂದು ನೋಡಬಾರದು. ಬೋಲ್ಡ್‌ನಲ್ಲಿ ಪ್ರತಿ ನುಸಿಗೂ ಒಂದು ಪುಟವಿದೆ: ಚಿತ್ರ, ಸ್ಥಳ, ದಿನಾಂಕ, ಸ್ಲೈಡ್ ಇರುವ ಸಂಸ್ಥೆ, ಸೀಕ್ವೆನ್ಸಿನ ಮೂಲ ಅಲೆಚಿತ್ರ ಎಲ್ಲವೂ ಒಂದೇ ಕಡೆ. 2013ರಿಂದ ಜಾರಿಯಲ್ಲಿರುವ ಬಿನ್ ಪದ್ಧತಿ ಹತ್ತಿರದ ಸೀಕ್ವೆನ್ಸ್‌ಗಳನ್ನು ತಾನಾಗಿ ಗುಂಪು ಮಾಡಿ ಸಂಖ್ಯೆ ಕೊಡುವುದರಿಂದ ಹೆಸರಿಲ್ಲದ ನುಸಿಗೂ ಒಂದು ವಿಳಾಸ ಸಿಗುತ್ತದೆ. ಸೀಕ್ವೆನ್ಸ್‌ಗಳ ಸಾರ್ವಜನಿಕ ಕೋಶವಾದ ಜೆನ್‌ಬ್ಯಾಂಕ್ ಪ್ರಬಂಧ ಪ್ರಕಟಿಸುವವರಿಗೆ ಬೇಕು. ಆದರೆ ಅಲ್ಲಿ ನುಸಿಯ ಚಿತ್ರಕ್ಕೆ ಜಾಗವಿಲ್ಲ. ಜಿಬಿಐಎಫ್ ಸ್ಥಳದ ದಾಖಲೆಗಳ ಜಾಗ. ಸೀಕ್ವೆನ್ಸ್ ಇಲ್ಲದ, ಬರೀ ಸ್ಲೈಡಿನಿಂದ ಗುರುತಿಸಿದ ನುಸಿಗಳೂ ಅಲ್ಲಿಗೆ ಸಲ್ಲುತ್ತವೆ. ಆರಂಭ ಬೋಲ್ಡ್‌ನಿಂದಲೇ ಆಗಲಿ. ಡಾರ್ವಿನ್ ಕೋರ್ ಎಂಬ ಶಿಷ್ಟ ಕ್ರಮದ ಅಂಕಣಗಳಲ್ಲೇ ಮೊದಲಿನಿಂದ ಬರೆದಿಟ್ಟರೆ ಮುಂದೆ ಜಿಬಿಐಎಫ್‌ಗೆ ಸಾಗಿಸುವುದು ಸುಲಭ. ಅಕ್ಷಾಂಶ–ರೇಖಾಂಶದ ಜೊತೆ ಅವು ಎಷ್ಟು ಮೀಟರುಗಳ ಮಟ್ಟಿಗೆ ನಿಖರ, ನೀರು ನಿಂತದ್ದೋ ಹರಿಯುವುದೋ ಒರತೆಯೋ, ನುಸಿಯ ಹಂತ, ಲಿಂಗ, ಗುರುತಿಸಿದವರು ಯಾರು, ಯಾವ ಆಧಾರದ ಮೇಲೆ – ಇವಿಷ್ಟು ಇಲ್ಲದ ದಾಖಲೆ ಅರೆಬರೆ.

ಯಾರಿಗೆ ಯಾವುದು

ಹತ್ತಿಪ್ಪತ್ತು ನುಸಿಗಳಿರುವ, ಕಡಿಮೆ ಹಣದ ವಿದ್ಯಾರ್ಥಿ ಮೊದಲು ಎಲ್ಲವನ್ನೂ ಕುಲದ ಮಟ್ಟಕ್ಕೆ ಸೂಕ್ಷ್ಮದರ್ಶಕದಲ್ಲೇ ವಿಂಗಡಿಸಲಿ. ನೋಟಕ್ಕೆ ಬೇರೆ ಕಂಡ ಪ್ರತಿಯೊಂದು ಬಗೆಯಿಂದ ಎರಡೋ ಮೂರೋ ನುಸಿಗಳಿಗಷ್ಟೇ ಸ್ಯಾಂಗರ್ ಬಾರ್‌ಕೋಡ್ ಮಾಡಿಸಲಿ. ಒಂದೇ ನುಸಿಗೆ ಮಾಡಿಸಿದರೆ ಅದು ಸರಿಯೋ ಬೆರಕೆಯೋ ತಿಳಿಯುವುದಿಲ್ಲ.

ಒಂದು ಪ್ರದೇಶದ ಪ್ರಭೇದಪಟ್ಟಿ ಕಟ್ಟುವವರಿಗೆ, ಅದರಲ್ಲೂ ಹೆಣ್ಣು, ಡ್ಯೂಟೊನಿಂಫ್, ಮರಿ ಎಲ್ಲವೂ ಬೆರೆತ ದೊಡ್ಡ ಸಂಗ್ರಹವಿರುವವರಿಗೆ, ನ್ಯಾನೊಪೋರ್ ಯೋಗ್ಯ. ಯಂತ್ರ ಇಲ್ಲದಿದ್ದರೆ ತಟ್ಟೆ ತುಂಬಿಸಿ ಕೇಂದ್ರಕ್ಕೆ ಕಳುಹಿಸಬಹುದು. ಇಲ್ಲಿ ಕ್ರಮವನ್ನೇ ತಿರುಗಿಸಿ, ಎಲ್ಲಕ್ಕೂ ಮೊದಲು ಬಾರ್‌ಕೋಡ್ ಮಾಡಿ, ಆಮೇಲೆ ಪ್ರತಿ ಬಿನ್‌ನಿಂದ ಉತ್ತಮ ಗಂಡು, ಹೆಣ್ಣುಗಳನ್ನು ಆರಿಸಿ ಸ್ಲೈಡ್ ಮಾಡಿದರೆ ತಜ್ಞರ ಸಮಯ ಉಳಿಯುತ್ತದೆ. ಸಾವಿರ ನುಸಿಗಳ ಬದಲು ಅವರು ನೂರನ್ನು ನೋಡಿದರೆ ಸಾಕು.

ಗೊಂದಲದ ಗುಂಪನ್ನು ಬಿಡಿಸಲು ಹೊರಟ ವರ್ಗೀಕರಣಕಾರರು ಹೆಚ್ಚು ನುಸಿಗಳಿಗಿಂತ ಹೆಚ್ಚು ಜಾಗಗಳಿಗೆ ಹಣ ಹಾಕಲಿ, ಮತ್ತು ಆ ಪ್ರಭೇದವನ್ನು ಮೊದಲು ವಿವರಿಸಿದ ಸ್ಥಳದಿಂದಲೇ ಹೊಸ ನುಸಿಗಳನ್ನು ತರಿಸಿಕೊಳ್ಳಲಿ. ಹಳೆಯ ಹೆಸರು ಯಾವ ಸೀಕ್ವೆನ್ಸಿಗೆ ಸಲ್ಲಬೇಕೆಂದು ಹೇಳಬಲ್ಲದ್ದು ಆ ನೀರು ಮಾತ್ರ.

ವರ್ಷ ವರ್ಷವೂ ಸಮೀಕ್ಷೆ ನಡೆಸುವವರು ಮೆಟಾಬಾರ್‌ಕೋಡಿಂಗ್ ಆರಿಸಿಕೊಳ್ಳಬಹುದು, ಆದರೆ ಮೊದಲ ವರ್ಷದ ಹಣವನ್ನು ತಮ್ಮ ಪ್ರದೇಶದ ಒಂದೊಂದು ನುಸಿಯ ಪೂರ್ಣ ಬಾರ್‌ಕೋಡುಗಳಿಗೆ ಮೀಸಲಿಟ್ಟು, ಸ್ಲೈಡುಗಳನ್ನು ಸಂಗ್ರಹಾಲಯಕ್ಕೆ ಒಪ್ಪಿಸಿದ ಮೇಲೆ. ಎರಡನೆಯ ವರ್ಷದಿಂದ ನುಸಿಗಳನ್ನು ದೊಡ್ಡ ಕೀಟಗಳಿಂದ ಬೇರ್ಪಡಿಸಿಯೇ ಓದಿಸಲಿ, ಅರೆಯುವ ಮುನ್ನ ಎಣಿಸಲಿ, ಮತ್ತು ಪ್ರತಿ ಜಾಗದಿಂದ ಒಂದಷ್ಟು ನುಸಿಗಳನ್ನು ಅರೆಯದೆ ಎಥನಾಲಿನಲ್ಲಿ ತಂಪಾಗಿ ಉಳಿಸಿಕೊಳ್ಳಲಿ. ಪಟ್ಟಿಯಲ್ಲಿ ಗುರುತಿಲ್ಲದ ಸೀಕ್ವೆನ್ಸ್ ಕಂಡ ದಿನ ಆ ಸೀಸೆಯನ್ನು ತೆರೆದು, ಒಂದೊಂದಾಗಿ ಬಾರ್‌ಕೋಡ್ ಮಾಡಿ, ಅದು ಯಾವ ನುಸಿಯದೆಂದು ಹುಡುಕಬಹುದು.